ಸಾವಿರ ಗಜದ ಗುರಿ ಮತ್ತು ಅಡ್ಡಗಾಳಿಯ ಲೆಕ್ಕ

ಇಂಗ್ಲೆಂಡಿನ ಸರ್ರಿ ಪ್ರದೇಶದ ಬಿಸ್ಲಿಯಲ್ಲಿ 1890ರಿಂದ ರೈಫಲ್ ಗುರಿಸ್ಪರ್ಧೆಗಳು ನಡೆದುಕೊಂಡು ಬಂದಿವೆ. ಅಲ್ಲಿನ ಸ್ಟಿಕಲ್‌ಡೌನ್ ಮೈದಾನದಲ್ಲಿ ಗುರಿಕಾರರು ನೆಲದ ಮೇಲೆ ಬೋರಲು ಮಲಗಿ, ತೋಳಿಗೆ ಬಿಗಿದ ಪಟ್ಟಿಯ ಆಸರೆಯಲ್ಲಿ ರೈಫಲ್ ಹಿಡಿದು, 800ರಿಂದ 1200 ಗಜ ದೂರದ ಫಲಕಗಳಿಗೆ ಗುಂಡು ಹಾರಿಸುತ್ತಾರೆ. ಸಾವಿರ ಗಜವೆಂದರೆ 914 ಮೀಟರ್. ಅಷ್ಟು ದೂರದಲ್ಲಿ ಗುಂಡು ಎಷ್ಟು ಕೆಳಗಿಳಿಯುತ್ತದೆ ಎಂಬುದು ದೊಡ್ಡ ಸಮಸ್ಯೆಯಲ್ಲ. ಗುರುತ್ವಾಕರ್ಷಣೆ ಬೆಳಿಗ್ಗೆಯೂ ಸಂಜೆಯೂ ಒಂದೇ ಆಗಿರುವುದರಿಂದ, ಒಮ್ಮೆ ಕಂಡುಕೊಂಡ ಎತ್ತರದ ಹೊಂದಾಣಿಕೆಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಮರುದಿನ ಸ್ವಲ್ಪವೇ ತಿದ್ದಿ ಬಳಸಬಹುದು. ಗುರಿಕಾರರ ಅಂಕ ಕರಗುವುದು ಪಕ್ಕಕ್ಕೆ ಸರಿಯುವ ಗುಂಡುಗಳಲ್ಲಿ. ಈ ಪಕ್ಕದ ಸರಿತದಲ್ಲಿ ಎರಡು ಜಾತಿಗಳಿವೆ. ಒಂದು, ಗುಂಡಿನ ತಿರುಗುವಿಕೆ ಮತ್ತು ಭೂಮಿಯ ಆವರ್ತನೆಯಿಂದ ಆಗುವಂಥದ್ದು. ಇದು ಪ್ರತಿ ಗುಂಡಿಗೂ ಒಂದೇ ದಿಕ್ಕಿನಲ್ಲಿ, ಒಂದೇ ಪ್ರಮಾಣದಲ್ಲಿ ಇರುತ್ತದೆ. ಇನ್ನೊಂದು, ಗಾಳಿಯಿಂದ ಆಗುವಂಥದ್ದು. ಇದು ಎರಡು ಗುಂಡುಗಳ ನಡುವಿನ ಅರ್ಧ ನಿಮಿಷದಲ್ಲೇ ಬದಲಾಗಬಹುದು. ಮೊದಲನೆಯದನ್ನು ಲೆಕ್ಕ ಹಾಕಬೇಕು, ಎರಡನೆಯದನ್ನು ನೋಡಬೇಕು. ಹೊಸಬರಿಗಷ್ಟೇ ಅಲ್ಲ, ವರ್ಷಗಟ್ಟಲೆ ಆಡಿದವರಿಗೂ ಆಗುವ ಗೊಂದಲದ ಬಹುಪಾಲು ಇವೆರಡನ್ನು ಒಂದೇ ಖಾತೆಗೆ ಬರೆಯುವುದರಿಂದ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಅಳತೆಯ ಮಾತು. ದೂರದ ಗುರಿಯಲ್ಲಿ ಸೆಂಟಿಮೀಟರಿಗಿಂತ ಕೋನದ ಅಳತೆಯೇ ಅನುಕೂಲ. ಒಂದು ಡಿಗ್ರಿಯ ಅರವತ್ತನೇ ಒಂದು ಭಾಗವನ್ನು ಗುರಿಕಾರರು ಮಿನಿಟ್ ಎನ್ನುತ್ತಾರೆ. ಒಂದು ಮಿನಿಟ್ 100 ಗಜದಲ್ಲಿ ಸುಮಾರು 2.7 ಸೆಂ.ಮೀ.ಗೆ, ಸಾವಿರ ಗಜದಲ್ಲಿ ಸುಮಾರು 27 ಸೆಂ.ಮೀ.ಗೆ ಸಮ. ರೈಫಲ್ಲಿನ ಹಿಂಬದಿಯ ಸೈಟಿನಲ್ಲಿ, ಅಂದರೆ ಗುರಿ ಹಿಡಿಯಲು ಕಣ್ಣಿಟ್ಟು ನೋಡುವ ಸಾಧನದಲ್ಲಿ, ಇರುವ ಎರಡು ತಿರುಪುಗಳಲ್ಲಿ ಒಂದು ಎತ್ತರಕ್ಕೆ, ಇನ್ನೊಂದು ಎಡಬಲಕ್ಕೆ; ಅವು ಸಾಮಾನ್ಯವಾಗಿ ಕ್ಲಿಕ್ಕಿಗೆ ಕಾಲು ಮಿನಿಟಿನಂತೆ ಚಲಿಸುತ್ತವೆ. ಈ ಲೇಖನದಲ್ಲಿ ಮಿನಿಟ್ ಎಂದಾಗಲೆಲ್ಲ ಕೋನವೆಂದೂ ನಿಮಿಷ ಎಂದಾಗ ಕಾಲವೆಂದೂ ತಿಳಿಯತಕ್ಕದ್ದು.

ಗಾಳಿ ಗುಂಡನ್ನು ಪಕ್ಕಕ್ಕೆ ತಳ್ಳುತ್ತದೆ ಎಂದೇ ಎಲ್ಲರೂ ಹೇಳುತ್ತಾರೆ. ಆದರೆ ನಿಜವಾಗಿ ನಡೆಯುವುದು ತಳ್ಳಾಟವಲ್ಲ. ನಳಿಗೆಯಿಂದ ಹೊರಬಿದ್ದ ಗುಂಡು, ತನಗೆ ಎದುರಾಗುವ ಗಾಳಿಯ ಕಡೆಗೆ ಕೂಡಲೇ ಮೂತಿ ತಿರುಗಿಸಿಕೊಳ್ಳುತ್ತದೆ. ಗುಂಡಿನ ವೇಗ ಸೆಕೆಂಡಿಗೆ 900 ಮೀಟರ್, ಎಡದಿಂದ ಬೀಸುವ ಗಾಳಿ ಸೆಕೆಂಡಿಗೆ ನಾಲ್ಕೂವರೆ ಮೀಟರ್ ಎಂದಿಟ್ಟುಕೊಂಡರೆ, ಗುಂಡಿನ ದೃಷ್ಟಿಯಲ್ಲಿ ಎದುರುಗಾಳಿ ನೇರ ಮುಂದಿನಿಂದ ಬರದೆ, ಒಂದು ಡಿಗ್ರಿಯ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ ಎಡಕ್ಕೆ ವಾಲಿದ ದಿಕ್ಕಿನಿಂದ ಬರುತ್ತದೆ. ಗುಂಡಿನ ಮೂತಿ ಅತ್ತ ತಿರುಗುತ್ತದೆ. ಹಾಗೆ ತಿರುಗಿದ ಮೇಲೆ ಗಾಳಿಯ ಎಳೆತ ಗುಂಡಿನ ಅಕ್ಷದಗುಂಟ ಹಿಂದಕ್ಕೆ ಎಳೆಯುತ್ತದೆ. ಅಕ್ಷವೇ ಎಡಕ್ಕೆ ವಾಲಿರುವುದರಿಂದ ಆ ಎಳೆತದಲ್ಲಿ ಒಂದು ಸಣ್ಣ ಅಂಶ ಬಲಕ್ಕೆ ಬೀಳುತ್ತದೆ. ಗುಂಡನ್ನು ಬಲಕ್ಕೆ ಒಯ್ಯುವುದು ಈ ಅಂಶ.

ಹಾಗಾಗಿ ಸರಿತವನ್ನು ನಿರ್ಧರಿಸುವುದು ಗುಂಡು ಗಾಳಿಯಲ್ಲಿ ಎಷ್ಟು ಹೊತ್ತು ಇತ್ತು ಎಂಬುದಲ್ಲ. ಗಾಳಿಯ ಎಳೆತದಿಂದ ಅದಕ್ಕೆ ಎಷ್ಟು ತಡವಾಯಿತು ಎಂಬುದು. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಫಿರಂಗಿ ಗಣಿತಜ್ಞ ಇಸಿಡೋರ್ ಡಿಡಿಯೋನ್ ಹೆಸರಿನಲ್ಲಿ ಬಳಕೆಯಲ್ಲಿರುವ ಸೂತ್ರ ಬಹಳ ಸರಳ: ಗುಂಡು ನಿಜವಾಗಿ ತೆಗೆದುಕೊಂಡ ಕಾಲದಿಂದ, ಎಳೆತವೇ ಇಲ್ಲದಿದ್ದರೆ ತೆಗೆದುಕೊಳ್ಳುತ್ತಿದ್ದ ಕಾಲವನ್ನು ಕಳೆದು, ಉಳಿದುದನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿದರೆ ಸರಿತ ಸಿಗುತ್ತದೆ. ಈ ಕ್ರೀಡೆಯಲ್ಲಿ ಹೆಚ್ಚು ಬಳಕೆಯಲ್ಲಿರುವ .308 ಕ್ಯಾಲಿಬರಿನ (ಇಂಚಿನಲ್ಲಿ ಅಳೆದ ವ್ಯಾಸ) 155 ಗ್ರೇನ್, ಅಂದರೆ ಸುಮಾರು 10 ಗ್ರಾಂ, ತೂಕದ ಗುಂಡನ್ನೇ ತೆಗೆದುಕೊಳ್ಳೋಣ. ಸೆಕೆಂಡಿಗೆ 900 ಮೀಟರ್ ವೇಗದಲ್ಲಿ ಹೊರಟ ಅದು ವೇಗ ಕಳೆದುಕೊಳ್ಳದೆ ಸಾಗಿದ್ದರೆ 914 ಮೀಟರನ್ನು 1.02 ಸೆಕೆಂಡಿನಲ್ಲಿ ದಾಟುತ್ತಿತ್ತು. ವಾಸ್ತವದಲ್ಲಿ ಅದಕ್ಕೆ ಸುಮಾರು 1.5 ಸೆಕೆಂಡ್ ಬೇಕು. ತಡವಾದದ್ದು ಹೆಚ್ಚುಕಡಿಮೆ 0.48 ಸೆಕೆಂಡ್. ಗಂಟೆಗೆ 16 ಕಿ.ಮೀ. ವೇಗದ ನೇರ ಅಡ್ಡಗಾಳಿ, ಅಂದರೆ ಸೆಕೆಂಡಿಗೆ ಸುಮಾರು 4.4 ಮೀಟರ್, ಬೀಸುತ್ತಿದ್ದರೆ ಗುಂಡು ಪಕ್ಕಕ್ಕೆ ಸರಿಯುವುದು ಎರಡು ಮೀಟರಿಗಿಂತ ಹೆಚ್ಚು. ಕೋನದಲ್ಲಿ ಎಂಟು ಮಿನಿಟ್. ಬಾಯಿಲೆಕ್ಕಕ್ಕೆ ಹೇಳುವುದಾದರೆ, ಸಾವಿರ ಗಜದಲ್ಲಿ ಗಂಟೆಗೆ ಪ್ರತಿ ಎರಡು ಕಿ.ಮೀ. ಅಡ್ಡಗಾಳಿಗೆ ಒಂದು ಮಿನಿಟ್.

ಈ ತಡದ ಸೂತ್ರ ಕೆಲವು ವಿಚಿತ್ರ ಸಂಗತಿಗಳನ್ನೂ ಬಿಡಿಸಿ ಹೇಳುತ್ತದೆ. ಕರ್ನಾಟಕದ ಗುರಿಕಾರರಿಗೂ ಪರಿಚಿತವಾದ .22 ರಿಮ್‌ಫೈರ್ ರೈಫಲ್ಲಿನಲ್ಲಿ ಸ್ಪರ್ಧೆಯ ಮದ್ದುಗುಂಡು ಶಬ್ದದ ವೇಗಕ್ಕಿಂತ ತುಸು ಕೆಳಗೇ ಹೊರಡುತ್ತದೆ. ಅಂಗಡಿಯಲ್ಲಿ ಅದಕ್ಕಿಂತ ವೇಗದ ಗುಂಡುಗಳೂ ಸಿಗುತ್ತವೆ. ವೇಗ ಹೆಚ್ಚಿದ್ದರೆ ಗಾಳಿಗೆ ಕಡಿಮೆ ಸಿಕ್ಕಬೇಕಲ್ಲವೇ ಎಂದು ತೋರುವುದು ಸಹಜ. ಆದರೆ ನೂರು ಗಜದಲ್ಲಿ ವೇಗದ ಗುಂಡೇ ಹೆಚ್ಚು ಸರಿಯುತ್ತದೆ. ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ಎಳೆತ ಥಟ್ಟನೆ ಏರುವುದರಿಂದ, ಬೇಗ ತಲುಪಿದರೂ ಆ ಗುಂಡಿಗೆ ತನ್ನ ಆದರ್ಶ ಕಾಲಕ್ಕೆ ಹೋಲಿಸಿದರೆ ಆಗುವ ತಡ ಹೆಚ್ಚು. ಇನ್ನೊಂದು ತುದಿಯಲ್ಲಿ ರಾಕೆಟ್ಟಿದೆ: ಎಂಜಿನ್ ಉರಿಯುತ್ತಿರುವಾಗ ಅದು ವೇಗ ಕಳೆದುಕೊಳ್ಳುವುದಿಲ್ಲ, ಪಡೆಯುತ್ತದೆ. ಆದ್ದರಿಂದ ಅಡ್ಡಗಾಳಿಯಲ್ಲಿ ಅದು ಗಾಳಿಯ ಜೊತೆಗಲ್ಲ, ಗಾಳಿ ಬರುವ ಕಡೆಗೇ ವಾಲುತ್ತದೆ.

ಗುಂಡಿನ ಆಕಾರವನ್ನು ತಿದ್ದಿ ಎಳೆತ ಕಡಿಮೆ ಮಾಡಿದಷ್ಟೂ ಗಾಳಿಯ ಕಾಟ ಕಡಿಮೆಯಾಗುವುದು ಇದೇ ಕಾರಣಕ್ಕೆ. ಎಫ್-ಕ್ಲಾಸ್ ಎಂಬ ವಿಭಾಗದಲ್ಲಿ ರೈಫಲ್ಲಿಗೆ ಆಸರೆಗಾಲು ಅಥವಾ ಪೀಠವನ್ನೂ ದೂರದರ್ಶಕವನ್ನೂ ಬಳಸಲು ಅವಕಾಶವಿದೆ. ಕೆನಡಾದ ಜಾರ್ಜ್ ಫಾರ್ಕುಹರ್ಸನ್ ಎಂಬ ಹಿರಿಯ ಗುರಿಕಾರರ ಅಡ್ಡಹೆಸರಿನ ಮೊದಲ ಇಂಗ್ಲಿಷ್ ಅಕ್ಷರವೇ ಆ ವಿಭಾಗದ ಹೆಸರಾಗಿ ಉಳಿದಿದೆ. ಅದರ ಮುಕ್ತ ವರ್ಗದಲ್ಲಿ ಜನಪ್ರಿಯವಾದ 7 ಮಿ.ಮೀ. ವ್ಯಾಸದ, 180 ಗ್ರೇನಿನ ಉದ್ದನೆಯ ಗುಂಡುಗಳು ಅದೇ 16 ಕಿ.ಮೀ. ಗಾಳಿಗೆ ಎಂಟರ ಬದಲು ಆರು ಮಿನಿಟಿನ ಆಸುಪಾಸಿನಲ್ಲಿ ಸರಿಯುತ್ತವೆ. ಗಾಳಿ ತೆಳುವಾದರೂ ಲಾಭವೇ; ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ರಾಟೊನ್ ಬಳಿಯ ಮೈದಾನ ಸಮುದ್ರಮಟ್ಟದಿಂದ ಸುಮಾರು 2000 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಅದೇ ಗುಂಡು, ಅದೇ ಗಾಳಿಗೆ ಬಿಸ್ಲಿಗಿಂತ ಕಡಿಮೆ ಸರಿಯುತ್ತದೆ. ಆದರೆ ಈ ಲಾಭಗಳನ್ನು ಅತಿಯಾಗಿ ಎಣಿಸಬಾರದು. ಎಂಟರ ಬದಲು ಆರು ಮಿನಿಟ್ ಸರಿಯುವ ಗುಂಡಿಗೂ ಗಾಳಿಯನ್ನು ತಪ್ಪಾಗಿ ಓದಿದರೆ ಅಂಕ ಹೋಗುತ್ತದೆ, ಸ್ವಲ್ಪ ನಿಧಾನವಾಗಿ ಹೋಗುತ್ತದೆ ಅಷ್ಟೆ.

ಎಷ್ಟು ತಪ್ಪಿದರೆ ಹೋಗುತ್ತದೆ? ಅಮೆರಿಕದ ಸ್ಪರ್ಧೆಗಳಲ್ಲಿ ಬಳಸುವ ಸಾವಿರ ಗಜದ ಫಲಕದಲ್ಲಿ ಹತ್ತು ಅಂಕದ ವೃತ್ತದ ಅಗಲ 20 ಇಂಚು, ಸುಮಾರು 51 ಸೆಂ.ಮೀ. ಕೇಂದ್ರದಿಂದ ಅಂಚಿಗೆ ಹೆಚ್ಚುಕಡಿಮೆ ಒಂದು ಮಿನಿಟ್. ಮೇಲಿನ ಬಾಯಿಲೆಕ್ಕದಂತೆ ಗಾಳಿಯ ಅಂದಾಜು ಗಂಟೆಗೆ ಎರಡು ಕಿ.ಮೀ. ತಪ್ಪಿದರೆ, ನಿಖರವಾಗಿ ಹೊಡೆದ ಗುಂಡೂ ಕೇಂದ್ರ ಬಿಟ್ಟು ಅಂಚಿಗೆ ಬರುತ್ತದೆ. ಎಫ್-ಕ್ಲಾಸಿನ ವೃತ್ತ ಅದರ ಅರ್ಧದಷ್ಟೇ ಇರುವುದರಿಂದ ಅಲ್ಲಿ ಒಂದು ಕಿ.ಮೀ. ತಪ್ಪಿದರೂ ಸಾಕು. ಮನುಷ್ಯ ನಿಧಾನವಾಗಿ ನಡೆಯುವ ವೇಗವೇ ಗಂಟೆಗೆ ನಾಲ್ಕು ಕಿ.ಮೀ.ಯಷ್ಟಿರುತ್ತದೆ, ಮುಖಕ್ಕೆ ತಾಗಿದ್ದೂ ಸರಿಯಾಗಿ ಗೊತ್ತಾಗದ ಗಾಳಿಯಲ್ಲಿ ಅಂಕಗಳು ಹೋಗಬಲ್ಲವು ಎಂಬುದನ್ನು ಈ ಸಂಖ್ಯೆಗಳು ಹೇಳುತ್ತವೆ.

ಗಾಳಿಯ ವೇಗದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಅದರ ದಿಕ್ಕು ಮುಖ್ಯ. ಗುರಿಕಾರರು ದಿಕ್ಕನ್ನು ಗಡಿಯಾರದ ಮುಖದಂತೆ ಹೇಳುತ್ತಾರೆ: ಗುರಿಯ ಕಡೆಯಿಂದ ಬರುವುದು 12 ಗಂಟೆಯ ಗಾಳಿ, ನೇರ ಬಲದಿಂದ ಬರುವುದು 3 ಗಂಟೆಯದು, ನೇರ ಎಡದಿಂದ ಬರುವುದು 9 ಗಂಟೆಯದು. ನೇರ ಪಕ್ಕದ ಗಾಳಿಗೆ ಪೂರ್ಣ ಬೆಲೆ. ಒಂದು ಗಂಟೆಯ ದಿಕ್ಕಿನಿಂದ, ಅಂದರೆ ಮೈದಾನದ ರೇಖೆಗೆ 30 ಡಿಗ್ರಿ ಓರೆಯಾಗಿ ಬಂದರೆ ಅರ್ಧ ಬೆಲೆ. ಎರಡು ಗಂಟೆಯ ದಿಕ್ಕಿನಿಂದ ಬಂದರೆ ಶೇಕಡಾ 87. ಶಾಲೆಯಲ್ಲಿ ಕಲಿತ ಸೈನ್ ಕೋಷ್ಟಕವೇ ಇದು. ಆದರೆ ಈ ಕೋಷ್ಟಕದಲ್ಲಿ ಗಮನಿಸಬೇಕಾದದ್ದು ಬೆಲೆಗಳಿಗಿಂತಲೂ ಬೆಲೆ ಬದಲಾಗುವ ಬಗೆ. 16 ಕಿ.ಮೀ. ವೇಗದ ಗಾಳಿ ನೇರ ಪಕ್ಕದಿಂದ ಬೀಸುತ್ತಿದ್ದು, ದಿಕ್ಕು 15 ಡಿಗ್ರಿ ಅತ್ತಿತ್ತ ತೂಗಾಡಿದರೆ ಸರಿತ ಎಂಟು ಮಿನಿಟಿನಿಂದ 7.7ಕ್ಕೆ ಇಳಿಯುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ. ಅದೇ ಗಾಳಿ ನೇರ ಎದುರಿನಿಂದ ಬೀಸುತ್ತಿದ್ದು ಅದೇ 15 ಡಿಗ್ರಿ ತೂಗಾಡಿದರೆ, ಗುಂಡು ಒಮ್ಮೆ ಎರಡು ಮಿನಿಟ್ ಎಡಕ್ಕೆ, ಒಮ್ಮೆ ಎರಡು ಮಿನಿಟ್ ಬಲಕ್ಕೆ ಹೋಗುತ್ತದೆ. ಒಟ್ಟು ವ್ಯತ್ಯಾಸ ಒಂದು ಮೀಟರಿಗೂ ಮೇಲು. ಆದ್ದರಿಂದ ಪಕ್ಕದ ಗಾಳಿಯಲ್ಲಿ ವೇಗದ ಮೇಲೆ ಕಣ್ಣಿಡಬೇಕು, ಎದುರುಗಾಳಿ ಮತ್ತು ಹಿಂಗಾಳಿಯಲ್ಲಿ ದಿಕ್ಕಿನ ಮೇಲೆ. ಬಾವುಟಗಳು ಅಡ್ಡಡ್ಡ ಹರಡಿ ಪಟಪಟಿಸುವ ದಿನವನ್ನು ಕಂಡು ಹೊಸಬರು ಹೆದರುತ್ತಾರೆ. ಅನುಭವಿಗಳು ಹೆದರುವುದು, ಬಾವುಟಗಳು ತಮ್ಮತ್ತಲೇ ನೇರ ಚಾಚಿ, ಬಾಲ ಮಾತ್ರ ಎಡಕ್ಕೂ ಬಲಕ್ಕೂ ಹೊರಳುವ ದಿನಕ್ಕೆ.

ಇನ್ನು ಬದಲಾಗದ ಸರಿತದ ಕಡೆಗೆ. ನಳಿಗೆಯ ಒಳಗೋಡೆಯಲ್ಲಿ ಕೊರೆದ ಸುರುಳಿ ಗೆರೆಗಳು ಗುಂಡನ್ನು ತಿರುಗಿಸುತ್ತವೆ. 13 ಇಂಚಿಗೆ ಒಂದು ಸುತ್ತಿನ ನಳಿಗೆಯಿಂದ ಸೆಕೆಂಡಿಗೆ 900 ಮೀಟರ್ ವೇಗದಲ್ಲಿ ಹೊರಬಿದ್ದ ಗುಂಡು ಸೆಕೆಂಡಿಗೆ 2700ಕ್ಕೂ ಹೆಚ್ಚು ಸುತ್ತು ತಿರುಗುತ್ತಿರುತ್ತದೆ. ತಿರುಗದಿದ್ದರೆ ಅದು ಗಾಳಿಯಲ್ಲಿ ತಲೆಕೆಳಗಾಗುತ್ತದೆ. ಆದರೆ ತಿರುಗುವ ವಸ್ತುವಿಗೆ ಒಂದು ಮೊಂಡುತನವಿದೆ. ವೇಗವಾಗಿ ತಿರುಗುತ್ತಿರುವ ಬುಗುರಿಯ ತಲೆಯನ್ನು ಒಂದು ಬದಿಗೆ ನೂಕಿದರೆ ಅದು ನೂಕಿದ ಕಡೆಗೆ ಬೀಳದೆ, ಅದಕ್ಕೆ ಅಡ್ಡ ದಿಕ್ಕಿನಲ್ಲಿ ವಾಲುತ್ತದೆ. ಗುಂಡಿನ ಹಾದಿ ನೆಲದತ್ತ ಬಾಗುತ್ತಾ ಹೋದಂತೆ ಅದರ ಮೂತಿ ಹಾದಿಗಿಂತ ಕೂದಲೆಳೆಯಷ್ಟು ಮೇಲೆ ಉಳಿಯುತ್ತದೆ, ಗಾಳಿ ಅದನ್ನು ಕೆಳಗಿನಿಂದ ಎತ್ತಲು ನೋಡುತ್ತದೆ, ಮೂತಿ ಮೇಲೇಳುವ ಬದಲು ಬಲಕ್ಕೆ ತಿರುಗುತ್ತದೆ. ನಳಿಗೆಯ ಗೆರೆಗಳು ಬಲಕ್ಕೆ ತಿರುವಿದ್ದರೆ ಬಲಕ್ಕೆ, ಎಡಕ್ಕೆ ತಿರುವಿದ್ದರೆ ಎಡಕ್ಕೆ. ಹೀಗೆ ಮೂತಿಯನ್ನು ತುಸು ಬಲಕ್ಕೆ ಇಟ್ಟುಕೊಂಡೇ ಹಾರುವ ಗುಂಡು ಕ್ರಮೇಣ ಬಲಕ್ಕೆ ಸರಿಯುತ್ತದೆ. ನಮ್ಮ ಉದಾಹರಣೆಯ ಗುಂಡಿಗೆ ಇದು 300 ಗಜದಲ್ಲಿ ಒಂದು ಸೆಂಟಿಮೀಟರಿನ ಆಸುಪಾಸು, ಸಾವಿರ ಗಜದಲ್ಲಿ ಸುಮಾರು 18 ಸೆಂ.ಮೀ. ದೂರ ಮೂರೂವರೆ ಪಟ್ಟಿಗಿಂತ ಕಡಿಮೆ ಹೆಚ್ಚಿದರೂ ಸರಿತ ಹದಿನೈದು ಪಟ್ಟು ಹೆಚ್ಚಿತು ಎಂಬುದನ್ನು ನೆನಪಿಡಬೇಕು. ಹತ್ತಿರದಲ್ಲಿ ಕಾಣದ ದೋಷ ದೂರದಲ್ಲಿ ಕಾಣಿಸಿಕೊಳ್ಳುವುದು ಹೀಗೆ.

ಇದರ ಜೊತೆಗೆ ಭೂಮಿಯ ಆವರ್ತನೆ. ಗುಂಡು ಗಾಳಿಯಲ್ಲಿರುವ ಒಂದೂವರೆ ಸೆಕೆಂಡಿನಲ್ಲಿ ಅದರ ಕೆಳಗಿನ ಭೂಮಿ ತಿರುಗಿರುತ್ತದೆ. ಉತ್ತರ ಗೋಳಾರ್ಧದಲ್ಲಿ ಇದರ ಪರಿಣಾಮ ಬಲಕ್ಕೆ, ದಕ್ಷಿಣದಲ್ಲಿ ಎಡಕ್ಕೆ. ಯಾವ ದಿಕ್ಕಿಗೆ ಮುಖಮಾಡಿ ಹೊಡೆದರೂ ಪಕ್ಕದ ಸರಿತದ ಪ್ರಮಾಣ ಒಂದೇ; ಅದು ಅಕ್ಷಾಂಶವನ್ನು ಮಾತ್ರ ಅವಲಂಬಿಸಿದೆ. ಪೂರ್ವಕ್ಕೆ ಹೊಡೆದರೆ ತುಸು ಮೇಲೆ, ಪಶ್ಚಿಮಕ್ಕೆ ಹೊಡೆದರೆ ತುಸು ಕೆಳಗೆ ಬೀಳುವುದು ಬೇರೆಯೇ ಪರಿಣಾಮ, ಅದನ್ನು ಎತ್ತರದ ತಿರುಪು ನೋಡಿಕೊಳ್ಳುತ್ತದೆ. ಬಿಸ್ಲಿಯ 51 ಡಿಗ್ರಿ ಅಕ್ಷಾಂಶದಲ್ಲಿ ಸಾವಿರ ಗಜಕ್ಕೆ ಲೆಕ್ಕ ಹಾಕಿದರೆ ಸುಮಾರು 8 ಸೆಂ.ಮೀ. ಬಲಕ್ಕೆ ಬರುತ್ತದೆ. ಬೆಂಗಳೂರಿನ 13 ಡಿಗ್ರಿಯಲ್ಲಿ ಅಷ್ಟೇ ದೂರಕ್ಕೆ ಹೊಡೆದರೆ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ನ್ಯೂಜಿಲೆಂಡಿನ ಟ್ರೆಂಥಮ್‌ನಲ್ಲಿ ಆರೂವರೆ ಸೆಂ.ಮೀ. ಎಡಕ್ಕೆ. ತಿರುಗುವಿಕೆಯ ಸರಿತವನ್ನೂ ಸೇರಿಸಿಕೊಂಡರೆ, ಬಲತಿರುವಿನ ಅದೇ ರೈಫಲ್ ಬಿಸ್ಲಿಯಲ್ಲಿ ಒಟ್ಟು 26 ಸೆಂ.ಮೀ. ಬಲಕ್ಕೂ ಟ್ರೆಂಥಮ್‌ನಲ್ಲಿ ಕೇವಲ 11 ಸೆಂ.ಮೀ. ಬಲಕ್ಕೂ ಹೊಡೆಯುತ್ತದೆ. ಹಳೆಯ ಲೀ-ಎನ್‌ಫೀಲ್ಡ್ ರೈಫಲ್ಲುಗಳ ನಳಿಗೆ ಎಡತಿರುವಿನದು. ಇಂಗ್ಲೆಂಡಿನಲ್ಲಿ ಅವುಗಳಿಗೆ ಈ ಎರಡು ಸರಿತಗಳು ಪರಸ್ಪರ ಕಳೆಯುತ್ತಿದ್ದವು.

ಗಾಳಿಗೂ ತಿರುಗುವಿಕೆಗೂ ಸಂಬಂಧಿಸಿದ ಮೂರನೆಯ ಸಂಗತಿಯೊಂದಿದೆ. ಅಡ್ಡಗಾಳಿಗೆ ಹೊರಬೀಳುವ ಗುಂಡು ಮೂತಿ ತಿರುಗಿಸುವ ಮೊದಲ ಕ್ಷಣಗಳಲ್ಲಿ, ಅದೇ ಅಡ್ಡ ಪ್ರತಿಕ್ರಿಯೆಯಿಂದಾಗಿ, ಮೇಲಕ್ಕೋ ಕೆಳಕ್ಕೋ ಒಂದು ಸಣ್ಣ ನೆಗೆತ ಪಡೆಯುತ್ತದೆ. ಬಲತಿರುವಿನ ನಳಿಗೆಯಲ್ಲಿ ಬಲದಿಂದ ಬಂದ ಗಾಳಿ ಗುಂಡನ್ನು ಎಡಕ್ಕೂ ಮೇಲಕ್ಕೂ, ಎಡದಿಂದ ಬಂದ ಗಾಳಿ ಬಲಕ್ಕೂ ಕೆಳಕ್ಕೂ ಒಯ್ಯುತ್ತದೆ. 16 ಕಿ.ಮೀ. ಗಾಳಿಗೆ ಇದು ಮಿನಿಟಿನ ಮೂರನೇ ಒಂದು ಭಾಗದಷ್ಟು. ಗಾಳಿ ಎಡದಿಂದ ಬಲಕ್ಕೆ ತಿರುಗಿದ ದಿನ ಗುಂಡುಗಳು ಅಡ್ಡಗೆರೆಯಲ್ಲಿ ಹರಡದೆ ಓರೆಯಾಗಿ ಹರಡುವುದಕ್ಕೆ ಇದೇ ಕಾರಣ. ಅಂಥ ಗುಂಪನ್ನು ನೋಡಿ ಉಸಿರಾಟ ತಪ್ಪಿತೆಂದು ತಮ್ಮನ್ನೇ ದೂರಿಕೊಳ್ಳುವವರು ಬಹಳ ಮಂದಿ.

ಇಷ್ಟೆಲ್ಲ ಸೂಕ್ಷ್ಮಗಳನ್ನು ಸ್ಪರ್ಧೆಯ ನಡುವೆ ಯಾರೂ ಲೆಕ್ಕ ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ. ಬದಲಾಗದ ಸರಿತವನ್ನು ಸೈಟಿನ ಶೂನ್ಯದಲ್ಲೇ ಸೇರಿಸಿಬಿಡುವುದು ರೂಢಿ. ಗಾಳಿಯಿಲ್ಲದ ಹೊತ್ತಿನಲ್ಲಿ ಕೇಂದ್ರಕ್ಕೆ ಹೊಡೆಯಲು ಎಡಬಲದ ತಿರುಪು ಎಲ್ಲಿರಬೇಕೋ ಅದೇ ಆ ದೂರದ ಶೂನ್ಯ. ಇಲ್ಲೊಂದು ಬಲೆಯಿದೆ. 300 ಗಜದಲ್ಲಿ ಕಂಡುಕೊಂಡ ಶೂನ್ಯವನ್ನೇ ಸಾವಿರ ಗಜಕ್ಕೂ ಒಯ್ದರೆ, ಬಿಸ್ಲಿಯಂಥ ಕಡೆ ಬಲತಿರುವಿನ ರೈಫಲ್ಲಿನಲ್ಲಿ ಮುಕ್ಕಾಲು ಮಿನಿಟಿನಷ್ಟು ಬಲದ ದೋಷ ಉಳಿದುಕೊಳ್ಳುತ್ತದೆ. ಗುರಿಕಾರ ಅದನ್ನು ಗಾಳಿಯೆಂದು ಓದುತ್ತಾನೆ. ಎಡದಿಂದ ಬರುವ ಗಾಳಿಯನ್ನು ತಾನು ಸದಾ ಕಡಿಮೆ ಅಂದಾಜಿಸುತ್ತೇನೆಂದೂ ಬಲದ ಗಾಳಿಯನ್ನು ಸದಾ ಹೆಚ್ಚು ಅಂದಾಜಿಸುತ್ತೇನೆಂದೂ ಅವನಿಗೆ ತೋರತೊಡಗುತ್ತದೆ. ಗಾಳಿ ಓದುವುದನ್ನು ತಿದ್ದಿಕೊಳ್ಳಲು ಹೆಣಗುತ್ತಾನೆ, ತಿದ್ದಬೇಕಾದದ್ದು ತಿರುಪನ್ನು. ಅದಕ್ಕಾಗಿಯೇ ಪ್ರತಿ ದೂರಕ್ಕೂ ಬೇರೆ ಶೂನ್ಯವನ್ನು ಬರೆದಿಟ್ಟುಕೊಳ್ಳಬೇಕು. ಸೈಟು ರೈಫಲ್ಲಿನ ಮೇಲೆ ತುಸು ಓರೆಯಾಗಿ ಕೂತಿದ್ದರೂ ಇದೇ ಬಗೆಯ ದೋಷ ಬರುತ್ತದೆ. ಎತ್ತರದ ತಿರುಪನ್ನು ಏರಿಸಿದಂತೆಲ್ಲ ಸೈಟು ಪಕ್ಕಕ್ಕೂ ಸರಿಯುತ್ತಾ ಹೋಗುತ್ತದೆ. ದಾರದ ತುದಿಗೆ ತೂಕ ಕಟ್ಟಿದ ತೂಗುಗುಂಡಿನಿಂದ ಅದನ್ನು ಪರೀಕ್ಷಿಸಿಕೊಳ್ಳಬಹುದು.

ಶೂನ್ಯ ಗಟ್ಟಿಯಾದ ಮೇಲೆ ಉಳಿಯುವುದು ಬರಿಯ ಗಾಳಿ. ಅದನ್ನು ಓದಲು ಮೈದಾನದಲ್ಲಿ ಎರಡು ಸಾಧನಗಳಿವೆ, ಬಾವುಟ ಮತ್ತು ಬಿಸಿಲ್ಗುದುರೆ. ಬಾವುಟ ಕಂಬಕ್ಕೆ ಎಷ್ಟು ಕೋನದಲ್ಲಿ ಎದ್ದಿದೆ ಎಂದು ನೋಡಿ, ಆ ಡಿಗ್ರಿಯನ್ನು ನಾಲ್ಕರಿಂದ ಭಾಗಿಸಿದರೆ ಗಂಟೆಗೆ ಇಷ್ಟು ಮೈಲಿ ಎಂದು ಸಿಗುತ್ತದೆ ಎಂಬ ಹಳೆಯ ಸೂತ್ರವೊಂದಿದೆ. 40 ಡಿಗ್ರಿ ಎದ್ದಿದ್ದರೆ 10 ಮೈಲಿ, ಅಂದರೆ 16 ಕಿ.ಮೀ. ಆದರೆ ಬಟ್ಟೆ ದಪ್ಪವಾಗಿದ್ದರೆ, ಮಳೆಗೆ ನೆನೆದಿದ್ದರೆ ಈ ಸೂತ್ರ ಕೆಲಸ ಮಾಡದು. ಜೊತೆಗೆ ಬಾವುಟಕ್ಕೆ ತೂಕವಿದೆ, ಗಾಳಿ ಇಳಿದ ಮೇಲೂ ಅದು ಒಂದೆರಡು ಸೆಕೆಂಡ್ ತಡವಾಗಿ ಬೀಳುತ್ತದೆ. ಆದ್ದರಿಂದ ಬಾವುಟದಿಂದ ವೇಗವನ್ನು ಲೆಕ್ಕ ಹಾಕುವುದಕ್ಕಿಂತ, ಮೊದಲ ಪರೀಕ್ಷಾ ಗುಂಡುಗಳಿಂದ ಇಂಥ ಬಾವುಟಕ್ಕೆ ಇಷ್ಟು ಮಿನಿಟ್ ಎಂದು ಕಂಡುಕೊಂಡು, ಅಲ್ಲಿಂದಾಚೆಗೆ ಬಾವುಟ ಅದಕ್ಕಿಂತ ಏರಿತೇ ಇಳಿಯಿತೇ ಎಂದಷ್ಟೇ ನೋಡುವುದು ಹೆಚ್ಚು ಭರವಸೆಯ ದಾರಿ. ಗಾಳಿಯ ನಿಜವಾದ ವೇಗ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಒಂದೇ ಒಂದು ಬಾರಿ, ಮೊದಲ ಗುಂಡಿಗೆ ಮಾತ್ರ ಬೇಕಾಗುವ ಮಾಹಿತಿ. ಕೈಯಲ್ಲಿ ಹಿಡಿಯುವ ಗಾಳಿಮಾಪಕವನ್ನು ಹೆಚ್ಚು ನಂಬುವವರು ಇದನ್ನು ಮರೆಯುತ್ತಾರೆ; ಅದು ಹೇಳುವುದು ಮಲಗಿದ ಜಾಗದ ಗಾಳಿಯನ್ನೇ ಹೊರತು 914 ಮೀಟರಿನ ಉದ್ದಕ್ಕೂ ಇರುವ ಗಾಳಿಯನ್ನಲ್ಲ.

ಬಿಸಿಲ್ಗುದುರೆ ಬಾವುಟಕ್ಕಿಂತ ಚುರುಕು. ನೆಲದಿಂದ ಏಳುವ ಬಿಸಿ ಗಾಳಿಯ ಅಲೆಗಳು ದೂರದರ್ಶಕದಲ್ಲಿ ನೀರಿನ ಹರಿವಿನಂತೆ ಕಾಣುತ್ತವೆ. ಆ ಹರಿವು ಗಾಳಿಯ ಜೊತೆಗೇ ಎಡಕ್ಕೋ ಬಲಕ್ಕೋ ಸಾಗುತ್ತದೆ, ಮತ್ತು ಬಾವುಟಕ್ಕಿರುವ ತೂಕದ ತಡ ಇದಕ್ಕಿಲ್ಲ. ದೂರದರ್ಶಕದ ಕೇಂದ್ರೀಕರಣವನ್ನು ಗುರಿಯ ಮೇಲಿಡದೆ, ದಾರಿಯ ಮೂರನೇ ಎರಡು ಭಾಗದ ಆಸುಪಾಸಿಗೆ ತಂದರೆ ಅಲೆಗಳು ಚೆನ್ನಾಗಿ ಕಾಣುತ್ತವೆ. ಅಲೆಗಳು ಮೇಲಕ್ಕೆ ನೇರ ಕುದಿಯುತ್ತಿದ್ದರೆ ಅಡ್ಡಗಾಳಿ ಇಲ್ಲವೆಂದು ಅರ್ಥ: ಒಂದೋ ಗಾಳಿ ನಿಂತಿದೆ, ಇಲ್ಲವೇ ದೂರದರ್ಶಕದ ನೇರಕ್ಕೇ ಬೀಸುತ್ತಿದೆ. ಓರೆಯಾಗಿ ಸಾಗಿದರೆ ಮೆಲುಗಾಳಿ, ಅಡ್ಡಡ್ಡ ಓಡಿದರೆ ಬಲವಾದ ಗಾಳಿ. ಗಂಟೆಗೆ 20 ಕಿ.ಮೀ. ದಾಟಿತೆಂದರೆ ಅಲೆಗಳು ನೆಲಕ್ಕೆ ಮಟ್ಟಸವಾಗಿ, ಅದಕ್ಕಿಂತ ಹೆಚ್ಚಿನ ಗಾಳಿಯನ್ನು ಬೇರೆಯಾಗಿ ತೋರಿಸುವುದಿಲ್ಲ. ಆಗ ಬಾವುಟವೇ ಗತಿ. ಬಿಸಿಲ್ಗುದುರೆಯ ದೊಡ್ಡ ಉಪಯೋಗವೆಂದರೆ ಗಾಳಿಯ ತಿರುವನ್ನು ಮೊದಲೇ ತಿಳಿಸುವುದು. ಎಡದಿಂದ ಸಾಗುತ್ತಿದ್ದ ಅಲೆಗಳು ನಿಧಾನವಾಗಿ ಕುದಿಯತೊಡಗಿದರೆ, ಮುಂದಿನ ಕ್ಷಣ ಅವು ಬಲದಿಂದ ಸಾಗಬಹುದು. ಕುದಿತ ಕಂಡಾಗ ಗಾಳಿಯಿಲ್ಲವೆಂದು ಖುಷಿಪಟ್ಟು ಗುಂಡು ಹಾರಿಸುವುದು ಈ ಕ್ರೀಡೆಯ ಅತ್ಯಂತ ದುಬಾರಿ ಅಭ್ಯಾಸ.

ಯಾವ ಜಾಗದ ಗಾಳಿ ಹೆಚ್ಚು ಮುಖ್ಯ ಎಂಬ ವಾದ ಕ್ಲಬ್ಬುಗಳಲ್ಲಿ ಮುಗಿಯುವುದೇ ಇಲ್ಲ. ದಾರಿಯುದ್ದಕ್ಕೂ ಒಂದೇ ಬಲದ ಗಾಳಿಯಿದ್ದರೆ ಗುರಿಕಾರನ ಹತ್ತಿರದ ಗಾಳಿಗೇ ಹೆಚ್ಚು ಬೆಲೆ, ಏಕೆಂದರೆ ಆರಂಭದಲ್ಲಿ ಸಿಕ್ಕ ಪಕ್ಕದ ವೇಗವನ್ನು ಗುಂಡು ಕೊನೆಯವರೆಗೂ ಹೊತ್ತು ಸಾಗುತ್ತದೆ. ಆದರೆ ನಿಜವಾದ ಮೈದಾನದಲ್ಲಿ ಗಾಳಿ ಒಂದೇ ಬಲದಲ್ಲಿ ಇರುವುದಿಲ್ಲ. ಗುರಿಕಾರರ ಸಾಲಿನ ಪಕ್ಕದಲ್ಲಿ ಮರಗಳಿದ್ದರೆ ಅಲ್ಲಿ ಗಾಳಿ ಸತ್ತಂತಿರುತ್ತದೆ, ನಡುವೆ ಬಯಲಿನಲ್ಲಿ ಜೋರಾಗಿರುತ್ತದೆ. ಮೇಲಾಗಿ ಸಾವಿರ ಗಜಕ್ಕೆ ಹೊರಟ ಗುಂಡು ದಾರಿಯ ನಡುವನ್ನು ದಾಟಿದ ಮೇಲೆ ದೃಷ್ಟಿರೇಖೆಯಿಂದ ಸುಮಾರು ಮೂರು ಮೀಟರ್ ಎತ್ತರಕ್ಕೇರಿರುತ್ತದೆ, ಮತ್ತು ನೆಲದಿಂದ ಮೇಲೇರಿದಂತೆ ಗಾಳಿಯ ವೇಗ ಹೆಚ್ಚು. ಗುರಿಯ ಹಿಂದಿನ ಮಣ್ಣುದಿಬ್ಬದ ಮೇಲೆ ಹಾರಾಡುವ ಬಾವುಟ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ, ಎಲ್ಲಕ್ಕಿಂತ ಕಡಿಮೆ ಹೇಳುತ್ತದೆ. ಬೆಟ್ಟಗಳ ನಡುವಿನ ಟ್ರೆಂಥಮ್‌ನಂಥ ಕಡೆ ಒಂದು ಬಾವುಟ ಎಡಕ್ಕೂ ಅದರ ಮುಂದಿನದು ಬಲಕ್ಕೂ ಹಾರುವುದುಂಟು.

ಗಾಳಿ ಬದಲಾಗುತ್ತದೆಯಾದರೂ ಗೊತ್ತುಗುರಿಯಿಲ್ಲದೆ ಬದಲಾಗುವುದು ಅಪರೂಪ. ಸಾಮಾನ್ಯವಾಗಿ ಅದು ಎರಡು ಮೂರು ಸ್ಥಿತಿಗಳ ನಡುವೆ ಸುತ್ತುತ್ತಿರುತ್ತದೆ. ಸರದಿ ಬರುವ ಮೊದಲು ಹತ್ತು ನಿಮಿಷ ಕೂತು ನೋಡಿದರೆ ಅತಿ ಕಡಿಮೆ ಎಷ್ಟು, ಅತಿ ಹೆಚ್ಚು ಎಷ್ಟು, ಹೆಚ್ಚು ಹೊತ್ತು ನಿಲ್ಲುವುದು ಎಲ್ಲಿ ಎಂಬುದು ತಿಳಿಯುತ್ತದೆ. ಒಬ್ಬರೇ ಸತತವಾಗಿ ಹೊಡೆಯುವ ಅಮೆರಿಕದ ಪದ್ಧತಿಯಲ್ಲಿ, ಹೆಚ್ಚು ಹೊತ್ತು ನಿಲ್ಲುವ ಸ್ಥಿತಿಯನ್ನು ಆರಿಸಿಕೊಂಡು ಅದು ಇರುವಷ್ಟು ಹೊತ್ತು ಬೇಗಬೇಗ ಹೊಡೆದು, ಅದು ಹೋದಾಗ ಕಾಯುವುದು ಸಾಧ್ಯ. ಬಿಸ್ಲಿಯ ಸಂಪ್ರದಾಯ ಬೇರೆ: ಇಬ್ಬರು ಅಥವಾ ಮೂವರು ಒಂದೇ ಫಲಕಕ್ಕೆ ಸರದಿಯಂತೆ ಹೊಡೆಯುತ್ತಾರೆ, ಪ್ರತಿ ಗುಂಡಿಗೆ 45 ಸೆಕೆಂಡಿನ ಗಡುವು. ಅಲ್ಲಿ ಸ್ಥಿತಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇಲ್ಲ, ಸಿಕ್ಕ ಗಾಳಿಯನ್ನು ಓದಲೇಬೇಕು. ಯಾವ ಪದ್ಧತಿ ಮೇಲು ಎಂದು ಕೇಳಿದರೆ, ಗಾಳಿ ಓದುವುದನ್ನು ಕಲಿಸುವುದರಲ್ಲಿ ಬಿಸ್ಲಿಯದೇ ಕಠಿಣ ಮೇಷ್ಟ್ರು ಎನ್ನಬೇಕಾಗುತ್ತದೆ. ಅಂದಹಾಗೆ, ಬಿಸ್ಲಿಯ ಹಳೆಯ ತಂಡಸ್ಪರ್ಧೆಗಳಲ್ಲೊಂದಾದ, 300, 500 ಮತ್ತು 600 ಗಜದಲ್ಲಿ ನಡೆಯುವ ಕೊಲಾಪುರ್ ಪಂದ್ಯದ ಬಟ್ಟಲು ನಮ್ಮ ಬೆಳಗಾವಿಯ ನೆರೆಯ ಕೊಲ್ಹಾಪುರದ ಅರಸರ ಕೊಡುಗೆ.

ಪ್ರತಿ ಗುಂಡಿನ ಬಳಿಕ ಗುರಿಕಾರರು ಪುಸ್ತಕದಲ್ಲಿ ಎರಡು ಸಂಖ್ಯೆ ಬರೆಯುತ್ತಾರೆ. ಸೈಟಿನಲ್ಲಿ ಇಟ್ಟದ್ದು ಎಷ್ಟು, ಇಡಬೇಕಾಗಿದ್ದದ್ದು ಎಷ್ಟು. ಎಡದ ಗಾಳಿಗೆ ಆರು ಮಿನಿಟ್ ಎಡಕ್ಕಿಟ್ಟು ಹೊಡೆದದ್ದು ಕೇಂದ್ರದಿಂದ ಒಂದು ಮಿನಿಟ್ ಬಲಕ್ಕೆ ಬಿದ್ದರೆ, ಆ ಗುಂಡು ಕಂಡ ಗಾಳಿ ಏಳು ಮಿನಿಟಿನದು. ಈ ಏಳು ಎಂಬುದು ಆ ಕ್ಷಣದಲ್ಲಿ ಕಂಡ ಬಾವುಟದ ಬೆಲೆ. ಮುಂದಿನ ಗುಂಡಿಗೂ ಏಳೇ ಇಡಬೇಕು ಎಂಬ ಆಜ್ಞೆಯಲ್ಲ. ಮುಂದಿನ ಗುಂಡಿನ ಹೊತ್ತಿಗೆ ಬಾವುಟ ಇಳಿದಿದ್ದರೆ ಐದೂವರೆ ಸರಿಯಿರಬಹುದು. ಹಿಂದಿನ ಗುಂಡು ಎಲ್ಲಿ ಬಿತ್ತೋ ಅದನ್ನೇ ಬೆನ್ನಟ್ಟಿ ತಿರುಪು ತಿರುಗಿಸುವವನು ಸದಾ ಒಂದು ಗುಂಡು ಹಿಂದೆ ಉಳಿಯುತ್ತಾನೆ. ಇದಕ್ಕೆ ಇನ್ನೊಂದು ತೊಡಕೂ ಸೇರುತ್ತದೆ: ಗುಂಡು ಒಂದು ಮಿನಿಟ್ ಬಲಕ್ಕೆ ಬಿದ್ದದ್ದರಲ್ಲಿ ಗಾಳಿಯ ಪಾಲೆಷ್ಟು, ಕೈಯ ಪಾಲೆಷ್ಟು? ಗಾಳಿಯಿಲ್ಲದ ದಿನ ಗುರಿಕಾರನೂ ರೈಫಲ್ಲೂ ಸೇರಿ ಒಂದು ಮಿನಿಟಿನ ಗುಂಪು ಹೊಡೆಯುತ್ತಾರೆಂದಾದರೆ, ಕೇಂದ್ರದಿಂದ ಅರ್ಧ ಮಿನಿಟಿನೊಳಗೆ ಬಿದ್ದ ಒಂಟಿ ಗುಂಡಿನಿಂದ ಗಾಳಿಯ ಬಗ್ಗೆ ಯಾವ ತೀರ್ಮಾನಕ್ಕೂ ಬರಲಾಗದು. ಅದಕ್ಕೆ ತಿರುಪು ಮುಟ್ಟದಿರುವುದೇ ಒಳ್ಳೆಯದು.

ಕೆಲಸ ಹಂಚಿಕೊಂಡಾಗ ಈ ತೊಡಕು ಇನ್ನಷ್ಟು ಸ್ಪಷ್ಟವಾಗುತ್ತದೆ. 1876ರಲ್ಲಿ ನ್ಯೂಯಾರ್ಕಿನ ಕ್ರೀಡ್‌ಮೋರ್‌ನಲ್ಲಿ ಆರಂಭವಾದ ಪಾಲ್ಮಾ ಪಂದ್ಯದಲ್ಲಿ ಈಗ ಪ್ರತಿ ದೇಶದ 16 ಗುರಿಕಾರರು 800, 900 ಮತ್ತು 1000 ಗಜಗಳಲ್ಲಿ ತಲಾ 15 ಗುಂಡು ಹೊಡೆಯುತ್ತಾರೆ. ಗಾಳಿಯನ್ನು ಓದುವುದು ಅವರ ಕೆಲಸವಲ್ಲ. ಪಕ್ಕದಲ್ಲಿ ದೂರದರ್ಶಕ ಹಿಡಿದು ಕೂತ ತರಬೇತುದಾರ ಎಡಬಲದ ತಿರುಪಿನ ಬೆಲೆ ಹೇಳುತ್ತಾನೆ, ಹೊಡೆ ಎಂದಾಗ ಗುರಿಕಾರ ಹೊಡೆಯುತ್ತಾನೆ, ನಿಲ್ಲು ಎಂದರೆ ಬೆರಳು ತೆಗೆಯುತ್ತಾನೆ. ಆದರೆ ಗುಂಡು ಹಾರಿದ ಕೂಡಲೇ, ಗುಂಡು ಬಿದ್ದ ಜಾಗವನ್ನು ತೋರಿಸುವ ಫಲಕದ ಗುರುತು ಮೇಲೇಳುವ ಮೊದಲೇ, ಗುರಿಕಾರ ಹೇಳಬೇಕಾದ ಒಂದು ಮಾತಿದೆ: ಗುಂಡು ಹೊರಟ ಕ್ಷಣದಲ್ಲಿ ಸೈಟು ಎಲ್ಲಿತ್ತು ಎಂಬುದು. ಅರ್ಧ ಮಿನಿಟ್ ಬಲಕ್ಕಿತ್ತು ಎಂದು ಅವನು ಹೇಳಿ, ಗುರುತು ಒಂದು ಮಿನಿಟ್ ಬಲಕ್ಕೆ ಎದ್ದರೆ, ತರಬೇತುದಾರ ಅರ್ಧವನ್ನು ಕೈಗೆ, ಅರ್ಧವನ್ನು ಗಾಳಿಗೆ ಬರೆಯುತ್ತಾನೆ. ಅವನು ಸಂಕೋಚದಿಂದ ಸರಿಯಾಗಿಯೇ ಇತ್ತು ಎಂದುಬಿಟ್ಟರೆ, ತರಬೇತುದಾರ ಇಲ್ಲದ ಅರ್ಧ ಮಿನಿಟ್ ಗಾಳಿಯನ್ನು ಸೇರಿಸಿಕೊಳ್ಳುತ್ತಾನೆ, ಮತ್ತು ಅದರ ಬೆಲೆಯನ್ನು ಪಕ್ಕದಲ್ಲಿ ಮಲಗಿರುವ ಮುಂದಿನ ಗುರಿಕಾರ ತೆರುತ್ತಾನೆ.